ಪವರ್ ಬ್ಯಾಂಕ್ ಯಾಕೆ ಕೈಚೀಲದಲ್ಲೇ ಇರಬೇಕು? ವಿಮಾನದ ನಿಯಮಗಳ ಹಿಂದಿನ ವಿಜ್ಞಾನ

ಇವತ್ತು ನಾವು ಮಾತಾಡೋದು ನೀವೆಲ್ಲ ಒಂದಲ್ಲ ಒಂದು ಸಲ ಗೊಣಗಿಕೊಂಡೇ ಪಾಲಿಸಿರುವ ನಿಯಮಗಳ ಬಗ್ಗೆ. ವಿಮಾನ ಹೊರಡುವ ಮುಂಚೆ ಗಗನಸಖಿ ಬಂದು "ಫೋನ್ ಫ್ಲೈಟ್ ಮೋಡ್‌ಗೆ ಹಾಕಿ, ಲ್ಯಾಪ್‌ಟಾಪ್ ಒಳಗಿಡಿ" ಅಂತಾರೆ. ಅದಕ್ಕೂ ಮೊದಲು ಚೆಕ್-ಇನ್ ಕೌಂಟರ್‌ನಲ್ಲಿ "ಸೂಟ್‌ಕೇಸ್‌ನಲ್ಲಿ ಪವರ್ ಬ್ಯಾಂಕ್ ಏನಾದ್ರೂ ಇದ್ಯಾ?" ಅಂತ ಕೇಳಿರ್ತಾರೆ. ಊರಿಗೆ ಹೊರಟವರು ಕೌಂಟರ್ ಎದುರೇ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ, ಖರ್ಜೂರದ ಪೊಟ್ಟಣ, ಹಾಲಿನ ಪುಡಿ ಡಬ್ಬದ ಅಡಿಯಿಂದ ಪವರ್ ಬ್ಯಾಂಕ್ ಹುಡುಕುವ ದೃಶ್ಯ ಗಲ್ಫ್‌ನ ಯಾವ ನಿಲ್ದಾಣದಲ್ಲೂ ಅಪರೂಪವಲ್ಲ.

ಬಹ್ರೇನ್‌ನಿಂದ ಕೇಳುವವರಿಗೆ ಈ ವಿಷಯ ಇನ್ನೂ ಹತ್ತಿರದ್ದು. ಯಾಕೆ ಅಂದ್ರೆ ಈ ನಿಯಮಗಳು ಇಷ್ಟು ಬಿಗಿಯಾಗಲು ಕಾರಣವಾದ ಒಂದು ದೊಡ್ಡ ಅಪಘಾತದ ಮೊದಲ ಸಂದೇಶ ಬಂದದ್ದು ಬಹ್ರೇನ್‌ನ ವಾಯು ಸಂಚಾರ ನಿಯಂತ್ರಣ ಕೇಂದ್ರಕ್ಕೆ. ಆ ಕಥೆಗೆ ಬರೋಣ. ಅದಕ್ಕೂ ಮುಂಚೆ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ವಿಮಾನದಲ್ಲಿ "ಎಲೆಕ್ಟ್ರಾನಿಕ್ ಉಪಕರಣಗಳ ನಿಯಮ" ಅಂತ ನಾವು ಕರೆಯೋದು ಒಂದೇ ನಿಯಮ ಅಲ್ಲ, ಮೂರು. ಒಂದು ರೇಡಿಯೊ ತರಂಗಗಳ ಬಗ್ಗೆ. ಇನ್ನೊಂದು, ಹೊರಡುವಾಗ ಇಳಿಯುವಾಗ ಕೈಯಲ್ಲಿ, ಮಡಿಲಲ್ಲಿ ಏನಿರಬೇಕು ಎಂಬುದರ ಬಗ್ಗೆ. ಮೂರನೆಯದು ಬೆಂಕಿಯ ಬಗ್ಗೆ. ಮೂರಕ್ಕೂ ಬೇರೆ ಬೇರೆ ವಿಜ್ಞಾನ, ಬೇರೆ ಬೇರೆ ಮಟ್ಟದ ಅಪಾಯ.

ಮೊದಲನೆಯದು: ರೇಡಿಯೊ

ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ 1961ರಲ್ಲೇ ಪ್ರಯಾಣಿಕರ ಕೈಯ ಎಫ್‌ಎಂ ರೇಡಿಯೊಗಳಿಗೆ ನಿರ್ಬಂಧ ಹಾಕಿತ್ತು. ಇಲ್ಲೊಂದು ಪ್ರಶ್ನೆ ಬರತ್ತೆ. ರೇಡಿಯೊ ಸೆಟ್ ಬರೀ ಕೇಳುವ ಉಪಕರಣ ತಾನೇ, ಅದು ಏನನ್ನು ಕಳಿಸತ್ತೆ? ಕಳಿಸತ್ತೆ. ಎಫ್‌ಎಂ ರೇಡಿಯೊ ಒಳಗೆ ನಿಲ್ದಾಣವನ್ನು ಹಿಡಿಯೋಕೆ ಒಂದು ಸಣ್ಣ ಆಂದೋಲಕ ಇರತ್ತೆ. ಅದು ನೀವು ಕೇಳುತ್ತಿರುವ ನಿಲ್ದಾಣಕ್ಕಿಂತ 10.7 ಮೆಗಾಹರ್ಟ್ಸ್ ಮೇಲೆ ಕಂಪಿಸತ್ತೆ. ನೀವು 100 ಮೆಗಾಹರ್ಟ್ಸ್ ನಿಲ್ದಾಣ ಹಾಕಿದ್ರೆ ಒಳಗಿನ ಆಂದೋಲಕ 110.7ರಲ್ಲಿ ಇರತ್ತೆ. ವಿಮಾನ ದಾರಿ ಕಂಡುಕೊಳ್ಳಲು ಬಳಸುವ ನೆಲದ ಸಂಕೇತಗಳು ಇರೋದು 108ರಿಂದ 118 ಮೆಗಾಹರ್ಟ್ಸ್ ಪಟ್ಟಿಯಲ್ಲಿ. ಆಂದೋಲಕದಿಂದ ಸೋರುವ ಚೂರು ಸಂಕೇತ ನೇರವಾಗಿ ಆ ಪಟ್ಟಿಗೇ ಬಂದು ಬೀಳತ್ತೆ. ನಿಯಮಕ್ಕೆ ಕಾರಣ ಇತ್ತು.

ಮೊಬೈಲ್ ಫೋನ್ ಬಂದಾಗ ಲೆಕ್ಕ ಬದಲಾಯ್ತು. 1991ರಲ್ಲಿ ಅಮೆರಿಕದ ಸಂವಹನ ಆಯೋಗ ಹಾರುವ ವಿಮಾನದಲ್ಲಿ ಮೊಬೈಲ್ ಕರೆಗಳನ್ನು ನಿಷೇಧಿಸಿತು. ಇದಕ್ಕೆ ಮುಖ್ಯ ಕಾರಣ ವಿಮಾನ ಅಲ್ಲ, ನೆಲದ ಮೇಲಿನ ಜಾಲ! ನೆಲದಲ್ಲಿ ನಿಂತ ಫೋನ್‌ಗೆ ಅಕ್ಕಪಕ್ಕದ ಕೆಲವೇ ಟವರ್ ಕಾಣತ್ತೆ. ಎತ್ತರದಲ್ಲಿರುವ ಫೋನ್‌ಗೆ ಏಕಕಾಲಕ್ಕೆ ಬಹಳಷ್ಟು ಟವರ್ ಕಾಣತ್ತೆ, ಅಷ್ಟೂ ಟವರ್‌ಗಳಿಗೆ ಅದು ತೊಂದರೆ ಕೊಡಬಹುದು. ಜೊತೆಗೆ ಟವರ್ ದೂರವಾದಷ್ಟೂ ಫೋನ್ ಹೆಚ್ಚು ಶಕ್ತಿ ಬಳಸಿ ಕೂಗತ್ತೆ. ಹಳೆಯ ಜಿಎಸ್‌ಎಂ ಫೋನ್ ಟಿವಿ ಅಥವಾ ಸ್ಪೀಕರ್ ಪಕ್ಕ ಇಟ್ಟಾಗ, ಕರೆ ಬರುವ ಮುಂಚೆ "ಟಿಟಿಟ್ ಟಿಟಿಟ್" ಅಂತ ಸದ್ದು ಬರ್ತಿತ್ತಲ್ಲ, ಪೈಲಟ್‌ಗಳ ಹೆಡ್‌ಫೋನ್‌ನಲ್ಲೂ ಅದೇ ಸದ್ದು ಕೇಳಿಸಬಹುದು. ನಿಯಂತ್ರಣ ಕೇಂದ್ರ ಹೇಳುವ ಒಂದು ಅಂಕಿ ಅದರಲ್ಲಿ ಮುಳುಗಿ ಹೋದ್ರೆ ಕಷ್ಟ.

ಹಾಗಾದ್ರೆ ಪ್ರಯಾಣಿಕರ ಫೋನ್‌ನಿಂದಲೇ ವಿಮಾನ ಬಿದ್ದದ್ದು ಸಾಬೀತಾಗಿದೆಯಾ? ಅಂಥ ಒಂದು ಅಪಘಾತವೂ ಇಲ್ಲ. ಆಧುನಿಕ ವಿಮಾನಗಳ ತಂತಿಗಳಿಗೆ, ಪೆಟ್ಟಿಗೆಗಳಿಗೆ ಒಳ್ಳೆಯ ಕವಚ ಇದೆ. ಹಾಗಂತ ಅಪಾಯ ಸೊನ್ನೆಯೂ ಅಲ್ಲ. 2014ರಲ್ಲಿ ಎಫ್‌ಎಎ 1,300ಕ್ಕೂ ಹೆಚ್ಚು ಬೋಯಿಂಗ್ 737 ಮತ್ತು 777 ವಿಮಾನಗಳ ಕಾಕ್‌ಪಿಟ್ ಪರದೆಗಳನ್ನು ಬದಲಿಸಲು ಆದೇಶ ಕೊಟ್ಟಿತು. ವೈ-ಫೈ ಸಂಕೇತಕ್ಕೆ ಒಡ್ಡಿದಾಗ ಆ ಮಾದರಿಯ ಪರದೆ ಕ್ಷಣಕಾಲ ಖಾಲಿಯಾಗುವುದು ಪರೀಕ್ಷೆಯಲ್ಲಿ ಕಂಡಿತ್ತು.

ಒಟ್ಟಿನಲ್ಲಿ, ಪರೀಕ್ಷೆ ಮಾಡಿ ಮಾಡಿ ಈ ನಿಯಮ ಸಡಿಲವಾಗ್ತಾ ಬಂದಿದೆ. 2013ರ ಅಕ್ಟೋಬರ್‌ನಲ್ಲಿ ಅಮೆರಿಕ, ಡಿಸೆಂಬರ್‌ನಲ್ಲಿ ಯುರೋಪ್, 2014ರ ಏಪ್ರಿಲ್‌ನಲ್ಲಿ ಭಾರತದ ಡಿಜಿಸಿಎ ಫ್ಲೈಟ್ ಮೋಡ್‌ನಲ್ಲಿ ಉಪಕರಣ ಬಳಸಲು ಅನುಮತಿ ಕೊಟ್ಟವು. ಈಗ ಎಷ್ಟೋ ವಿಮಾನಗಳಲ್ಲಿ ವೈ-ಫೈಯನ್ನು ಕಂಪನಿಯೇ ಮಾರುತ್ತದೆ.

ಎರಡನೆಯದು: ಮಡಿಲಲ್ಲಿ ಏನಿದೆ?

ಇದು ಸರಳ. ಲ್ಯಾಪ್‌ಟಾಪ್ ಒಂದೂವರೆ ಎರಡು ಕೆಜಿ ತೂಗತ್ತೆ. ವಿಮಾನ ಓಡುಹಾದಿಯಲ್ಲಿ ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿದ್ದಾಗ ಹಠಾತ್ ಬ್ರೇಕ್ ಹಾಕಿದ್ರೆ ಆ ಲ್ಯಾಪ್‌ಟಾಪ್ ಯಾರದೋ ತಲೆಗೆ ಹೊಡೆಯುವ ಚಪ್ಪಡಿ. ಸೀಟಿನ ಎದುರು ಚಾರ್ಜರ್ ವೈರ್ ಇಳಿಬಿದ್ದಿದ್ರೆ ಓಡಿ ಹೊರಬೀಳುವವರ ಕಾಲಿಗೆ ಅದೇ ತೊಡಕು. ಕಿವಿಗೆ ಇಯರ್‌ಫೋನ್ ಇದ್ರೆ ಮೊದಲ ಸೂಚನೆಯೇ ಕೇಳಿಸಲ್ಲ.

2016ರ ಆಗಸ್ಟ್ 3ರಂದು ತಿರುವನಂತಪುರದಿಂದ ದುಬೈಗೆ ಬಂದ ಎಮಿರೇಟ್ಸ್ ವಿಮಾನ ಇಳಿಯುವಾಗ ನೆಲಕ್ಕೆ ಅಪ್ಪಳಿಸಿ ಹೊತ್ತಿಕೊಂಡದ್ದು ನೆನಪಿರಬಹುದು. ಒಳಗಿದ್ದ 300 ಜನರೂ ಬದುಕಿದರು. ಬೆಂಕಿ ಆರಿಸಲು ಬಂದ ಒಬ್ಬ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಹೊಗೆ ತುಂಬಿದ ಆ ವಿಮಾನದೊಳಗೆ ಹಲವರು ಲಗೇಜ್ ತೆಗೆಯಲು ನಿಂತಿದ್ದ ವಿಡಿಯೊ ಲೋಕವೆಲ್ಲ ನೋಡಿತು. ಪೂರ್ತಿ ತುಂಬಿದ ವಿಮಾನವನ್ನು ಅರ್ಧದಷ್ಟು ಬಾಗಿಲುಗಳಿಂದ 90 ಸೆಕೆಂಡಿನಲ್ಲಿ ಖಾಲಿ ಮಾಡಲು ಆಗಬೇಕು ಅನ್ನೋದು ವಿನ್ಯಾಸದ ಮಾನದಂಡ. ಆ 90 ಸೆಕೆಂಡಿನಲ್ಲಿ ಲ್ಯಾಪ್‌ಟಾಪ್ ಹುಡುಕೋಕೆ ಜಾಗ ಇಟ್ಟಿಲ್ಲ.

ಮೂರನೆಯದು: ಬೆಂಕಿ. 2010ರ ಸೆಪ್ಟೆಂಬರ್ 3

ಅವತ್ತು ಶುಕ್ರವಾರ. ಯುಪಿಎಸ್ ಕಂಪನಿಯ ಬೋಯಿಂಗ್ 747 ಸರಕು ವಿಮಾನ ದುಬೈನಿಂದ ಜರ್ಮನಿಯ ಕಲೋನ್ ಕಡೆಗೆ ಹೊರಟಿತು. ಒಳಗೆ ಇಬ್ಬರೇ ಪೈಲಟ್‌ಗಳು. ಸರಕಿನಲ್ಲಿ 80 ಸಾವಿರಕ್ಕೂ ಹೆಚ್ಚು ಲಿಥಿಯಂ ಬ್ಯಾಟರಿಗಳು ಮತ್ತು ಬ್ಯಾಟರಿ ಇರುವ ಉಪಕರಣಗಳು. ಹೊರಟು ಸುಮಾರು 22 ನಿಮಿಷಕ್ಕೆ, ಬಹ್ರೇನ್ ಸಮಯ ಸಂಜೆ 6 ಗಂಟೆ 12 ನಿಮಿಷಕ್ಕೆ, ಕಾಕ್‌ಪಿಟ್‌ನಲ್ಲಿ ಬೆಂಕಿಯ ಎಚ್ಚರಿಕೆ ಗಂಟೆ ಬಾರಿಸಿತು. ವಿಮಾನ ಆಗ ಬಹ್ರೇನ್ ನಿಯಂತ್ರಣದ ಆಕಾಶಕ್ಕೆ ಬಂದಿತ್ತು. ಕತಾರ್ ಮೇಲಿನ ಆಕಾಶವೂ ಆ ಕಾಲದಲ್ಲಿ ಬಹ್ರೇನ್‌ನವರ ಉಸ್ತುವಾರಿಯಲ್ಲೇ ಇತ್ತು.

ಪೈಲಟ್ ಬೆಂಕಿಯ ವಿಷಯ ಹೇಳಿ, ಆದಷ್ಟು ಬೇಗ ಇಳಿಯಬೇಕು ಅಂದರು. ದೋಹಾ ಸುಮಾರು 100 ನಾಟಿಕಲ್ ಮೈಲಿ ದೂರದಲ್ಲಿದೆ, ಸಾಕಾ, ಅಂತ ಬಹ್ರೇನ್‌ನ ನಿಯಂತ್ರಕರು ಕೇಳಿದರು. ಕ್ಯಾಪ್ಟನ್ ಇನ್ನೂ ದೂರ ಇದ್ದ ದುಬೈಗೇ ಹಿಂತಿರುಗುವ ತೀರ್ಮಾನ ಮಾಡಿದರು. ಅವರಿಗೆ ಆಗ ಕಾಣುತ್ತಿದ್ದದ್ದು ಒಂದು ಎಚ್ಚರಿಕೆ ದೀಪ ಮಾತ್ರ. ಹಿಂದೆ ಎಷ್ಟು ದೊಡ್ಡ ಬೆಂಕಿ ಎದ್ದಿದೆ ಅನ್ನೋದು ಗೊತ್ತಿರಲಿಲ್ಲ.

ಮುಂದಿನದ್ದು ನಿಮಿಷಗಳ ಲೆಕ್ಕದಲ್ಲಿ ನಡೆಯಿತು. ವಿಮಾನದ ನಿಯಂತ್ರಣದ ಕೇಬಲ್‌ಗಳಿಗೆ ಹಾನಿಯಾಯ್ತು. ಹೊಗೆ ಕಾಕ್‌ಪಿಟ್ ತುಂಬಿತು. ಕ್ಯಾಪ್ಟನ್‌ರ ಆಮ್ಲಜನಕದ ಮಾಸ್ಕ್‌ಗೆ ಪೂರೈಕೆ ನಿಂತಿತು. ಅವರು ಸೀಟಿನಿಂದ ಎದ್ದು ಹೋದವರು ಮರಳಲಿಲ್ಲ. ಉಳಿದ ಒಬ್ಬ ಪೈಲಟ್‌ಗೆ ಎದುರಿನ ಉಪಕರಣಗಳೇ ಕಾಣಲಿಲ್ಲ. ದುಬೈಗೆ ಹತ್ತಿರ ಬಂದರೂ ರೇಡಿಯೊವನ್ನು ದುಬೈ ತರಂಗಾಂತರಕ್ಕೆ ಬದಲಿಸಲು ಆಗಲಿಲ್ಲ, ಅದು ಬಹ್ರೇನ್ ತರಂಗಾಂತರದಲ್ಲೇ ಉಳಿಯಿತು. ಈ ರೇಡಿಯೊ ತರಂಗಗಳು ನೇರ ಸಾಲಿನಲ್ಲಿ ಮಾತ್ರ ಹೋಗೋದು. ವಿಮಾನ ಕೆಳಗಿಳಿದ ಹಾಗೆ ಭೂಮಿಯ ಬಾಗು ಅಡ್ಡ ಬಂದು ಬಹ್ರೇನ್‌ಗೂ ಅದರ ದನಿ ಕೇಳಿಸದಾಯಿತು. ಆಗ ಆಕಾಶದಲ್ಲಿದ್ದ ಬೇರೆ ವಿಮಾನಗಳ ಪೈಲಟ್‌ಗಳು ಮಧ್ಯೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸಿದರು. ವೇಗ ಎಷ್ಟು, ಎತ್ತರ ಎಷ್ಟು, ನಿಲ್ದಾಣ ಎಷ್ಟು ದೂರ ಅನ್ನೋದನ್ನೆಲ್ಲ ಆ ಒಬ್ಬ ಪೈಲಟ್ ಹೀಗೆ ಕೇಳಿ ಕೇಳಿ ಹಾರಿಸಬೇಕಾಯ್ತು. ವಿಮಾನ ತೀರಾ ಎತ್ತರದಲ್ಲಿ, ತೀರಾ ವೇಗವಾಗಿ ದುಬೈ ನಿಲ್ದಾಣ ದಾಟಿ ಹೋಯಿತು. ಕೆಲವು ನಿಮಿಷದಲ್ಲಿ ಒಂದು ಸೇನಾ ನೆಲೆಯೊಳಗೆ ಬಿತ್ತು. ಇಬ್ಬರೂ ಸತ್ತರು. ಮೊದಲ ಗಂಟೆಯಿಂದ ಕೊನೆಯ ಕ್ಷಣದವರೆಗೆ ಅರ್ಧ ಗಂಟೆಯೂ ಆಗಿರಲಿಲ್ಲ.

ಯುಎಇಯ ನಾಗರಿಕ ವಿಮಾನಯಾನ ಪ್ರಾಧಿಕಾರ 2013ರಲ್ಲಿ ಅಂತಿಮ ವರದಿ ಕೊಟ್ಟಿತು. ಬೆಂಕಿ ಹುಟ್ಟಿದ್ದು ಲಿಥಿಯಂ ಬ್ಯಾಟರಿಗಳಿದ್ದ ಸರಕಿನಲ್ಲಿ ಎಂಬ ನಿರ್ಣಯಕ್ಕೆ ಅದು ಬಂತು.

ಬ್ಯಾಟರಿಯೊಳಗೆ ಏನಾಗತ್ತೆ?

ನಾನು ಜೀವವಿಜ್ಞಾನದವಳು. ನನಗೆ ಬ್ಯಾಟರಿ ನೋಡಿದಾಗ ಜೀವಕೋಶವೇ ನೆನಪಾಗೋದು. ನಮ್ಮ ಕನ್ನಡದಲ್ಲಿ ಎರಡಕ್ಕೂ ಕೋಶ ಅಂತಲೇ ಹೇಳ್ತೀವಿ. ಜೀವಕೋಶದ ಪೊರೆ ಹತ್ತು ನ್ಯಾನೋಮೀಟರ್‌ಗಿಂತ ತೆಳು. ಅದರ ಒಳಗೂ ಹೊರಗೂ ಬೇರೆ ಬೇರೆ ಪ್ರಮಾಣದಲ್ಲಿ ಅಯಾನುಗಳನ್ನು ಇಟ್ಟು ನರಕೋಶ ಸುಮಾರು 70 ಮಿಲಿವೋಲ್ಟ್ ಕಾಪಾಡಿಕೊಳ್ಳತ್ತೆ. ಪೊರೆ ಹರಿದರೆ ಕೋಶ ಸಾಯತ್ತೆ.

ಲಿಥಿಯಂ-ಅಯಾನ್ ಬ್ಯಾಟರಿಯಲ್ಲೂ ಒಂದು ಪೊರೆ ಇದೆ, ಸಾಮಾನ್ಯವಾಗಿ ಪಾಲಿಥೀನ್ ಜಾತಿಯ ಪ್ಲಾಸ್ಟಿಕ್‌ನದು. ದಪ್ಪ ಸುಮಾರು 20 ಮೈಕ್ರೋಮೀಟರ್, ನಿಮ್ಮ ತಲೆಗೂದಲಿಗಿಂತ ತೆಳು. ಅದರ ಒಂದು ಬದಿ ಋಣ ಧ್ರುವ, ಇನ್ನೊಂದು ಬದಿ ಧನ ಧ್ರುವ, ನಡುವೆ ಸುಮಾರು 3.7 ವೋಲ್ಟ್. ಎರಡೂ ಬದಿ ನೆನೆಸಿರುವ ದ್ರವ ಏನು ಗೊತ್ತಾ? ನೀರಲ್ಲ, ಹೊತ್ತಿಕೊಳ್ಳುವ ಸಾವಯವ ದ್ರಾವಕ.

ಈಗ ಈ ಪೊರೆಗೆ ಎಲ್ಲೋ ಒಂದು ಕಡೆ ತೂತು ಬಿತ್ತು ಅಂದ್ಕೊಳ್ಳಿ. ಕೆಳಗೆ ಬಿದ್ದು ಜಜ್ಜಿರಬಹುದು, ತಯಾರಿಕೆಯಲ್ಲಿ ಲೋಹದ ಕಣ ಸೇರಿರಬಹುದು, ಮಿತಿಮೀರಿ ಚಾರ್ಜ್ ಆಗಿರಬಹುದು. ಎರಡು ಧ್ರುವ ತಾಗಿ ಅಲ್ಲಿ ಬಿಸಿ ಏಳತ್ತೆ. ಸುಮಾರು 90 ಡಿಗ್ರಿ ದಾಟಿದ್ರೆ ಋಣ ಧ್ರುವದ ಮೇಲಿನ ರಕ್ಷಣಾ ಪದರ ಒಡೆಯತ್ತೆ, ಆ ಕ್ರಿಯೆಯಿಂದ ಮತ್ತಷ್ಟು ಬಿಸಿ. 130ರ ಹೊತ್ತಿಗೆ ಪೊರೆಯೇ ಕರಗತ್ತೆ, ಎರಡು ಧ್ರುವ ಇನ್ನೂ ಹೆಚ್ಚು ಕಡೆ ತಾಗತ್ತೆ. 200ರ ಆಸುಪಾಸಿನಲ್ಲಿ ಫೋನ್ ಬ್ಯಾಟರಿಗಳ ಧನ ಧ್ರುವದ ವಸ್ತು ಒಡೆದು ಆಮ್ಲಜನಕ ಬಿಡತ್ತೆ. ಬಿಸಿ ಹೆಚ್ಚಾದಷ್ಟೂ ಕ್ರಿಯೆ ವೇಗ, ಕ್ರಿಯೆ ವೇಗವಾದಷ್ಟೂ ಬಿಸಿ. ನಮ್ಮ ದೇಹದಲ್ಲಿ ಜ್ವರ ಏರಿದ್ರೆ ಬೆವರಿಸಿ ಇಳಿಸುವ ಏರ್ಪಾಡು ಇದೆ. ಬ್ಯಾಟರಿಗೆ ಅದಿಲ್ಲ. ಒಂದು ಕೋಶದ ಬಿಸಿ ಪಕ್ಕದ ಕೋಶಕ್ಕೆ, ಅದರದ್ದು ಮುಂದಿನದಕ್ಕೆ. ಇದನ್ನು ತಜ್ಞರು ಥರ್ಮಲ್ ರನ್‌ಅವೇ ಅಂತಾರೆ, ಲಗಾಮು ಕಿತ್ತುಕೊಂಡ ಬಿಸಿ.

ಇಲ್ಲಿ ಎರಡು ವಿಷಯ ಗಮನಿಸಿ. ಫೋನ್ ಫ್ಲೈಟ್ ಮೋಡ್‌ನಲ್ಲಿದ್ದರೂ, ಆಫ್ ಆಗಿದ್ದರೂ ಬ್ಯಾಟರಿಯೊಳಗಿನ ರಸಾಯನಶಾಸ್ತ್ರ ಆಫ್ ಆಗಲ್ಲ. ಇನ್ನು, ವಿಮಾನದ ಸರಕು ಕೋಣೆಯಲ್ಲಿ ಬಳಸುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅದುಮತ್ತೆ, ಆದರೆ ತಂಪು ಮಾಡಲ್ಲ. ಬಿಸಿ ಒಳಗೇ ಉಳಿದರೆ ಪಕ್ಕದ ಕೋಶ ಮತ್ತೆ ಹೊತ್ತಿಕೊಳ್ಳಬಹುದು. ಲಿಥಿಯಂ-ಅಯಾನ್ ಬ್ಯಾಟರಿಗೆ ಬೇಕಾದದ್ದು ತಂಪು, ಅಂದ್ರೆ ನೀರು.

ಕೈಚೀಲವೋ ಸೂಟ್‌ಕೇಸೋ?

ಈಗ ಶೀರ್ಷಿಕೆಯ ಪ್ರಶ್ನೆಗೆ ಉತ್ತರ ತಾನಾಗಿಯೇ ಬರತ್ತೆ. ಪವರ್ ಬ್ಯಾಂಕ್ ನಿಮ್ಮ ಬಳಿ ಇದ್ರೆ ಹೊಗೆ ಬಂದ ಕೂಡಲೇ ಯಾರಾದ್ರೂ ನೋಡ್ತಾರೆ, ಸಿಬ್ಬಂದಿ ನೀರು ತರ್ತಾರೆ. ಕೆಳಗಿನ ಸರಕು ಕೋಣೆಗೆ ಹಾರುವಾಗ ಯಾರೂ ಇಳಿಯೋಕೆ ಆಗಲ್ಲ.

2017ರಲ್ಲಿ ಇದಕ್ಕೆ ಉಲ್ಟಾ ನಡೆದದ್ದು ಗಲ್ಫ್‌ನವರಿಗೆ ನೆನಪಿದೆ. ಆ ವರ್ಷ ಮಾರ್ಚ್‌ನಲ್ಲಿ ಅಮೆರಿಕ 10 ವಿಮಾನ ನಿಲ್ದಾಣಗಳಿಂದ ನೇರವಾಗಿ ಬರುವ ವಿಮಾನಗಳಲ್ಲಿ ಫೋನ್‌ಗಿಂತ ದೊಡ್ಡ ಉಪಕರಣಗಳನ್ನೆಲ್ಲ ಸೂಟ್‌ಕೇಸ್‌ಗೆ ಹಾಕಿಸಿತು. ದುಬೈ, ಅಬುಧಾಬಿ, ದೋಹಾ, ಕುವೈತ್, ರಿಯಾದ್, ಜೆಡ್ಡಾ ಆ ಪಟ್ಟಿಯಲ್ಲಿದ್ದವು. ಬಹ್ರೇನ್ ಇರಲಿಲ್ಲ, ಅಲ್ಲಿಂದ ಆಗ ಅಮೆರಿಕಕ್ಕೆ ನೇರ ವಿಮಾನವೇ ಇರಲಿಲ್ಲ. ಆದರೆ ಮನಾಮದಿಂದ ದುಬೈ ಅಥವಾ ದೋಹಾ ಮೂಲಕ ಹೋಗುವವರು ಲ್ಯಾಪ್‌ಟಾಪ್ ಒಪ್ಪಿಸಲೇಬೇಕಾಯ್ತು. ಉಪಕರಣದಲ್ಲಿ ಬಾಂಬ್ ಅಡಗಿಸಬಹುದು ಅನ್ನೋದು ಭದ್ರತೆಯವರ ಭಯ. ನೂರಾರು ಲ್ಯಾಪ್‌ಟಾಪ್ ಸರಕು ಕೋಣೆಯಲ್ಲಿ ಒಟ್ಟಾಗೋದು ಅಗ್ನಿ ಸುರಕ್ಷತೆಯವರ ಭಯ. ಜುಲೈ ಹೊತ್ತಿಗೆ ತಪಾಸಣೆ ಬಿಗಿ ಮಾಡಿ ನಿಷೇಧ ತೆಗೆದರು. ಅದೇ ವರ್ಷ ಎಫ್‌ಎಎ ಪರೀಕ್ಷೆಯ ಫಲಿತಾಂಶ ಹೊರಬಂತು. ಸೂಟ್‌ಕೇಸ್‌ನಲ್ಲಿ ಲ್ಯಾಪ್‌ಟಾಪ್ ಪಕ್ಕ ತಲೆಗೂದಲಿಗೆ ಹಾಕುವ ಸ್ಪ್ರೇ ಡಬ್ಬ ಇಟ್ಟು ಬ್ಯಾಟರಿ ಬಿಸಿ ಮಾಡಿದಾಗ ಡಬ್ಬ ಸ್ಫೋಟಿಸಿತು. ಹ್ಯಾಲಾನ್ ವ್ಯವಸ್ಥೆ ತಡೆಯುವಷ್ಟು ಸಮಯವೂ ಸಿಗದಂಥ ಸ್ಫೋಟ ಅದು.

ನಿಯಮ ಪಾಲನೆ ಯಾರ ಕೈಯಲ್ಲಿ?

ಹಾರುವ ವಿಮಾನದಲ್ಲಿ ಪೊಲೀಸ್ ಠಾಣೆ ಇಲ್ಲ. 1963ರ ಟೋಕಿಯೊ ಒಪ್ಪಂದದ ಪ್ರಕಾರ ಸುರಕ್ಷತೆಗೆ ಬೇಕಾದ ಸಮಂಜಸ ಕ್ರಮ ಕೈಗೊಳ್ಳುವ ಅಧಿಕಾರ ಕ್ಯಾಪ್ಟನ್‌ದು. ವಿಮಾನದಲ್ಲಿ ನಡೆದ ಅಪರಾಧಕ್ಕೆ ಅದು ನೋಂದಣಿಯಾದ ದೇಶದ ಕಾನೂನು ಅನ್ವಯ. ಗಲ್ಫ್ ಏರ್ ವಿಮಾನದ ಮೈಮೇಲೆ "ಎ9ಸಿ" ಅಂತ ಶುರುವಾಗುವ ಗುರುತು ಇರತ್ತೆ, ಅದು ಬಹ್ರೇನ್ ನೋಂದಣಿ. ಭಾರತದ ವಿಮಾನಗಳದ್ದು "ವಿಟಿ". ಅಂದ್ರೆ ಬಹ್ರೇನ್‌ನಿಂದ ಊರಿಗೆ ಬರುವಾಗ ಯಾವ ಕಂಪನಿ ಹತ್ತಿದಿರಿ ಅನ್ನೋದರ ಮೇಲೆ ನಿಮ್ಮ ಮೇಲಿನ ಕಾನೂನೂ ಬದಲಾಗತ್ತೆ. ಭಾರತದಲ್ಲಿ ದುರ್ವರ್ತನೆಯ ಪ್ರಯಾಣಿಕರಿಗೆ ಡಿಜಿಸಿಎ 2017ರಲ್ಲಿ ಮೂರು ಹಂತ ಮಾಡಿತು. ಮಾತಿನ ಕಿರುಕುಳಕ್ಕೆ 3 ತಿಂಗಳವರೆಗೆ, ಕೈ ಮಾಡಿದರೆ 6 ತಿಂಗಳವರೆಗೆ, ಜೀವಕ್ಕೆ ಅಪಾಯ ತಂದರೆ ಕನಿಷ್ಠ 2 ವರ್ಷ ವಿಮಾನ ಹತ್ತುವಂತಿಲ್ಲ.

ಕಾನೂನು ಇದ್ದರೂ ಒಂದು ತೊಡಕಿದೆ. ಬೆಲ್ಟ್ ಕಟ್ಟಿದ್ದೀರಾ ಅನ್ನೋದು ಕಣ್ಣಿಗೆ ಕಾಣತ್ತೆ. ಜೇಬಿನ ಫೋನ್ ಫ್ಲೈಟ್ ಮೋಡ್‌ನಲ್ಲಿದೆಯಾ ಅನ್ನೋದು ಕಾಣಲ್ಲ. 180 ಜನರ ಫೋನ್ ನೋಡೋಕೆ ನಾಲ್ಕೈದು ಸಿಬ್ಬಂದಿಗೆ ಆಗುವ ಮಾತಲ್ಲ. ಕೆಲವರ ಫೋನ್ ಆನ್ ಇರುತ್ತೆ, ಏನೂ ಆಗಲ್ಲ. ಆಗ ಪ್ರಯಾಣಿಕ ಕಲಿಯುವ ಪಾಠ "ಇವರ ನಿಯಮಗಳೆಲ್ಲ ಇಷ್ಟೇ" ಅಂತ. ಆಮೇಲೆ ಅದೇ ಸಿಬ್ಬಂದಿ "ಪವರ್ ಬ್ಯಾಂಕ್ ಮೇಲಿನ ಲಾಕರ್‌ನಲ್ಲಿ ಇಡಬೇಡಿ" ಅಂದಾಗ ಅದನ್ನೂ ಅದೇ ಕಿವಿಯಲ್ಲಿ ಕೇಳ್ತಾನೆ. ತೋಳ ಬಂತು ತೋಳ ಕಥೆ.

ವೈದ್ಯಕೀಯ ವಿಕಾಸವಾದದಲ್ಲಿ ರಾಂಡಾಲ್ಫ್ ನೆಸ್ಸೆ ಎಂಬ ವಿಜ್ಞಾನಿ ಹೇಳುವ ಒಂದು ತತ್ವ ಇದೆ, ಹೊಗೆ ಸೂಚಕದ ತತ್ವ. ಸ್ವಲ್ಪ ಕೆಟ್ಟ ವಾಸನೆಗೂ ನಮಗೆ ವಾಂತಿ ಬರತ್ತೆ, ಹಗ್ಗ ಕಂಡು ಹಾವು ಅಂತ ಬೆಚ್ಚುತ್ತೇವೆ. ಹತ್ತು ಸಲ ಸುಮ್ಮನೆ ಬೆಚ್ಚಿದರೆ ನಷ್ಟ ಸ್ವಲ್ಪ. ಒಂದು ಸಲ ಬೆಚ್ಚದೇ ಇದ್ರೆ ಪ್ರಾಣವೇ ಹೋಗಬಹುದು. ಹಾಗಾಗಿ ವಿಕಾಸ ನಮ್ಮ ಎಚ್ಚರಿಕೆ ಗಂಟೆಗಳನ್ನು ತುಸು ಅತಿಯಾಗಿಯೇ ಇಟ್ಟಿದೆ. ವಿಮಾನದ ನಿಯಮಗಳೂ ಇದೇ ಲೆಕ್ಕದವು. ಆದರೆ ಸುಳ್ಳು ಗಂಟೆ ಪದೇ ಪದೇ ಬಾರಿಸಿದರೆ ಪ್ರಾಣಿಗಳು ಅದಕ್ಕೆ ಒಗ್ಗಿಹೋಗುತ್ತವೆ ಅನ್ನೋದೂ ಜೀವವಿಜ್ಞಾನವೇ. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಎಲ್ಲ ನಿಯಮಗಳನ್ನೂ ಒಂದೇ ದನಿಯಲ್ಲಿ ಹೇಳೋದು ಬಿಡಬೇಕು. "ಇದು ಮುನ್ನೆಚ್ಚರಿಕೆ, ಇದು ಬೆಂಕಿ" ಅಂತ ಕಾರಣ ಬಿಡಿಸಿ ಹೇಳಬೇಕು. ದಡ್ಡತನದಿಂದ ನಿಯಮ ಮುರಿಯುವವರಿಗಿಂತ ಕಾರಣ ಗೊತ್ತಿಲ್ಲದೆ ಮುರಿಯುವವರೇ ಹೆಚ್ಚು ಅಂತ ನಾನು ನಂಬ್ತೀನಿ.

ಸೂಟ್‌ಕೇಸ್ ಕಟ್ಟುವ ಮುಂಚೆ

2025ರ ಜನವರಿ 28ರಂದು ದಕ್ಷಿಣ ಕೊರಿಯಾದಲ್ಲಿ ಏರ್ ಬುಸಾನ್‌ನ ವಿಮಾನವೊಂದು ಹೊರಡುವ ಮೊದಲೇ ನೆಲದ ಮೇಲೆ ಹೊತ್ತಿ ಉರಿಯಿತು. 176 ಜನರೂ ಪಾರಾದರು. ಬೆಂಕಿ ಶುರುವಾದದ್ದು ತಲೆ ಮೇಲಿನ ಲಾಕರ್‌ನಲ್ಲಿ, ಅನುಮಾನ ಬಿದ್ದದ್ದು ಪವರ್ ಬ್ಯಾಂಕ್ ಮೇಲೆ. ಮಾರ್ಚ್‌ನಿಂದ ಕೊರಿಯಾ ಪವರ್ ಬ್ಯಾಂಕ್‌ಗಳನ್ನು ಲಾಕರ್‌ನಿಂದ ಹೊರಗಿಟ್ಟಿತು. ಅಕ್ಟೋಬರ್ 1ರಿಂದ ಎಮಿರೇಟ್ಸ್ ಒಬ್ಬರಿಗೆ ಒಂದೇ, ಅದೂ ವಿಮಾನದಲ್ಲಿ ಬಳಸುವಂತಿಲ್ಲ ಅಂದಿತು. ಕಂಪನಿಯಿಂದ ಕಂಪನಿಗೆ ನಿಯಮ ಬದಲಾಗ್ತಾ ಇದೆ, ಹೊರಡುವ ಮುಂಚೆ ನಿಮ್ಮ ಕಂಪನಿಯದ್ದನ್ನು ಓದಿಕೊಳ್ಳಿ.

ಲೆಕ್ಕ ಮಾತ್ರ ಎಲ್ಲ ಕಡೆ ಒಂದೇ. ಪವರ್ ಬ್ಯಾಂಕ್ ಮೇಲೆ ಬರೆದ ಎಂಎಎಚ್ ಸಂಖ್ಯೆಯನ್ನು 3.7ರಿಂದ ಗುಣಿಸಿ, 1,000ದಿಂದ ಭಾಗಿಸಿ. ಬರೋದು ವ್ಯಾಟ್-ಅವರ್. 10,000 ಅಂದ್ರೆ 37. 20,000 ಅಂದ್ರೆ 74. 30,000 ಅಂದ್ರೆ 111. ಸಾಮಾನ್ಯ ಮಿತಿ 100. ನೂರರಿಂದ 160ರವರೆಗೆ ಕಂಪನಿಯ ಒಪ್ಪಿಗೆ ಬೇಕು. ಅದಕ್ಕಿಂತ ದೊಡ್ಡದು ಮನೆಯಲ್ಲೇ ಇರಲಿ. ಮುದ್ರಣ ಅಳಿಸಿಹೋಗಿ ಸಂಖ್ಯೆ ಕಾಣದೇ ಇರುವುದನ್ನು ತಪಾಸಣೆಯಲ್ಲಿ ತೆಗೆದುಕೊಂಡರೆ ಜಗಳ ಆಡಬೇಡಿ.

ಉಬ್ಬಿದ, ಜಜ್ಜಿದ ಬ್ಯಾಟರಿ ತರಬೇಡಿ. ಬಹ್ರೇನ್‌ನ ಜುಲೈ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಪವರ್ ಬ್ಯಾಂಕ್ ಮೊದಲೇ ಸೊರಗಿರತ್ತೆ ಅನ್ನೋದು ನೆನಪಿರಲಿ. ಫೋನ್ ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಹಿಂದೆ ಮುಂದೆ ಮಾಡಬೇಡಿ, ಆ ಯಂತ್ರವೇ ಫೋನನ್ನು ಜಜ್ಜತ್ತೆ. ಸಿಬ್ಬಂದಿಯನ್ನು ಕರೆಯಿರಿ. ಉಪಕರಣ ಬಿಸಿಯಾಗಿ ಹೊಗೆ ಬಂದರೂ ಅಷ್ಟೇ, ಮುಚ್ಚಿಡಬೇಡಿ, ಕೂಡಲೇ ಹೇಳಿ. ಬೈತಾರೆ ಅಂತ ಹೆದರಿ ಕಳೆಯುವ ಒಂದೆರಡು ನಿಮಿಷ ಬಹಳ ದುಬಾರಿ. ದುಬೈ-ಬಹ್ರೇನ್ ನಡುವಿನ ಆಕಾಶದಲ್ಲಿ ಆ ಇಬ್ಬರಿಗೆ ಸಿಕ್ಕಿದ್ದು ಒಟ್ಟು ಅರ್ಧ ಗಂಟೆ.

ಊರಿಗೆ ಹೋಗುವ ಅಪ್ಪ ಅಮ್ಮನಿಗೋ, ಮೊದಲ ಸಲ ವಿಮಾನ ಹತ್ತುವ ನೆಂಟರಿಗೋ ಈ ಸಂಚಿಕೆ ಕಳಿಸಿ. ಪ್ರಶ್ನೆಗಳಿದ್ದರೆ ಬರೆಯಿರಿ, ಮುಂದೆ ಉತ್ತರಿಸ್ತೀನಿ.